ಮರದಡಿಯ ಕಾಯಿಪಲ್ಯ ಮಾರುವುದು ಹೇಗೆ: ಧಾರವಾಡ, ಗದಗ, ಹಾವೇರಿಯ ಸಣ್ಣ ರೈತರ ಜೊತೆ ನಿಲ್ಲುವವರಿಗೆ ಸಮಗ್ರ ಮಾರ್ಗದರ್ಶಿ

ಮಾವಿನ ತೋಟವನ್ನೇ ನಂಬಿದ ಸಣ್ಣ ರೈತರು ದುಡ್ಡು ಕಾಣುವುದು ವರ್ಷಕ್ಕೆ ಒಂದೇ ಸಲ. ಏಪ್ರಿಲ್ ಕೊನೆಗೆ ಆಪೂಸ್ ಶುರುವಾಗುತ್ತದೆ, ಜೂನ್ ಬರುವಷ್ಟರಲ್ಲಿ ಮುಗಿಯುತ್ತದೆ. ಉಳಿದ ತಿಂಗಳು ಮರದ ಕೆಳಗಿನ ನೆಲ ಸುಮ್ನೆ ಬಿದ್ದಿರುತ್ತದೆ. ಅಲ್ಲಿ ಕೊತ್ತಂಬರಿ, ಮೆಂತೆ, ಕೆಸು, ಸುವರ್ಣಗಡ್ಡೆ, ಅರಿಶಿನ ಬೆಳೆಯಬಹುದು ಅನ್ನುವುದು ಹೊಸ ಮಾತಲ್ಲ. ಕಲಘಟಗಿ ತಾಲೂಕಿನ ಸೂರಶೆಟ್ಟಿಕೊಪ್ಪದಲ್ಲಿ ಗ್ರಾಮೀಣಾಭಿವೃದ್ಧಿ ಸಂಸ್ಥೆಯಾದ ಬೈಫ್ ಮರ ಆಧಾರಿತ ಕೃಷಿಯನ್ನು ಹಲವು ವರ್ಷಗಳಿಂದ ಮಾಡಿ ತೋರಿಸಿದೆ. ಬೆಳೆಯುವುದು ಅಷ್ಟು ಕಷ್ಟವಲ್ಲ. ಮಾರುವುದು ಕಷ್ಟ.

ಯಾಕೆಂದರೆ ಮರದಡಿ ಬರುವ ಮಾಲು ಸ್ವಲ್ಪ ಸ್ವಲ್ಪ, ನಮೂನೆ ಮಾತ್ರ ಹಲವು. ಒಂದು ಮನೆಯಲ್ಲಿ 20 ಸೂಡು (ಕಟ್ಟು) ಮೆಂತೆ, ಇನ್ನೊಂದು ಮನೆಯಲ್ಲಿ 3 ಕೆಜಿ ಗಡ್ಡೆ, ಮತ್ತೊಬ್ಬರ ಹತ್ತಿರ ಒಂದು ಬುಟ್ಟಿ ಬಸಳೆ. ಇದನ್ನು ಬಸ್ಸಿಗೆ ಹಾಕಿಕೊಂಡು ಹುಬ್ಬಳ್ಳಿಗೆ ಹೋದರೆ ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ಯಾರೂ ತಿರುಗಿ ನೋಡುವುದಿಲ್ಲ. ಸವಾಲು ನಡೆಯುವುದು ದೊಡ್ಡ ರಾಶಿಗೆ. ಆದರೆ ಇದೇ ಮಾಲನ್ನು ಧಾರವಾಡದ ಸಾಧನಕೇರಿಯದೋ ಹುಬ್ಬಳ್ಳಿಯ ವಿದ್ಯಾನಗರದ್ದೋ ಒಂದು ಮನೆಯ ಅಡುಗೆಕೋಣೆಯಿಂದ ನೋಡಿ. ಅಲ್ಲಿ ಬೇಕಾದದ್ದೇ ಸ್ವಲ್ಪ ಸ್ವಲ್ಪ, ಹಲವು ನಮೂನೆ. ವಾರಕ್ಕೆ ಎರಡು ಸೂಡು ಮೆಂತೆ, ಒಂದು ಕಟ್ಟು ಕೊತ್ತಂಬರಿ, ಅರ್ಧ ಕೆಜಿ ಗಡ್ಡೆ, ಒಂದು ಹಿಡಿ ಕರಿಬೇವು. ಮಂಡಿಯಲ್ಲಿ ಬೆಲೆ ಸಿಗದ ಗುಣವೇ ಮನೆಬಾಗಿಲಲ್ಲಿ ಬೆಲೆ ತರುತ್ತದೆ. ಈ ಮಾರ್ಗದರ್ಶಿಯ ಹೂರಣ ಇಷ್ಟೇ: ನಾಲ್ಕಾರು ಮನೆಗಳ ಮಾಲು ಒಟ್ಟು ಮಾಡಿ, ವಾರಕ್ಕೊಮ್ಮೆ, ಕಾಯಂ ಗಿರಾಕಿಗೆ ಕೊಡಿ. ಮಂಡಿ ಉಳಿಕೆಗೆ ಇರಲಿ.

ಇದನ್ನು ಬರೆದಿರುವುದು ರೈತರ ಜೊತೆ ಓಡಾಡುವವರಿಗೆ. ಊರಿಗೆ ವಾಪಸ್ ಬಂದ ಹುಡುಗರು, ಸ್ವಸಹಾಯ ಸಂಘದ ಅಕ್ಕಂದಿರು, ಸಂಸ್ಥೆಯ ಕಾರ್ಯಕರ್ತರು, ತಮ್ಮ ತೋಟದ ಜೊತೆ ಅಕ್ಕಪಕ್ಕದವರದ್ದನ್ನೂ ಮಾರಬೇಕು ಅಂದುಕೊಂಡ ರೈತರು, ಎಲ್ಲರಿಗೂ.

ಮೊದಲ ಹೆಜ್ಜೆ: ಮರದ ಕ್ಯಾಲೆಂಡರ್ ಓದಿ

ಗಿರಾಕಿ ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಂಡು ತೋಟಕ್ಕೆ ಹೋಗಿ. ಯಾವ ಮರ, ಎಷ್ಟು ವಯಸ್ಸು, ನೀರು ಇದೆಯಾ, ಮಧ್ಯಾಹ್ನ 12 ಗಂಟೆಗೆ ನೆಲದ ಮೇಲೆ ಬಿಸಿಲಿನ ತೇಪೆ ಎಷ್ಟು ಬೀಳುತ್ತದೆ, ಬರೆದುಕೊಳ್ಳಿ. ಈ ಕೆಲಸ ಬಿಟ್ಟು ಗಿರಾಕಿಗೆ ಮಾತು ಕೊಟ್ಟರೆ ನಡುವೆ ಮಾಲು ನಿಂತುಹೋಗುತ್ತದೆ. ಒಮ್ಮೆ ಬಿಟ್ಟ ಗಿರಾಕಿ ಮತ್ತೆ ಬರುವುದು ಕಷ್ಟ.

ಫಸಲು ಕೊಡುವ ಮಾವಿನ ಮರದ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡೋಣ. ಧಾರವಾಡ, ಕಲಘಟಗಿ, ಹಾನಗಲ್ ಕಡೆ ಇದೇ ಜಾಸ್ತಿ ಅಲ್ವಾ. ಹಳೆಯ ತೋಟಗಳಲ್ಲಿ ಮರದಿಂದ ಮರಕ್ಕೆ 10 ಮೀಟರ್ ಅಂತರ, ಅಂದರೆ ಎಕರೆಗೆ ಸುಮಾರು 40 ಮರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನೀರಿನಲ್ಲೇ ಸೊಪ್ಪು ಬರುತ್ತದೆ. ಮೇ, ಜೂನ್‌ನಲ್ಲಿ ಹಾಕಿದ ಸುವರ್ಣಗಡ್ಡೆ, ಅರಿಶಿನ 8-9 ತಿಂಗಳಿಗೆ ಕೀಳಲು ಬರುತ್ತವೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಾತ್ರ ಎಚ್ಚರ. ಮಾವಿಗೆ ಹೂ ಬಿಡುವ ಮೊದಲು ನೆಲ ಒಣಗಬೇಕು. ಆಗ ಕೆಳಗಿನ ಪಲ್ಯಕ್ಕೆಂದು ನೀರು ಕೊಟ್ಟರೆ ಮರ ಹೂವಿನ ಬದಲು ಚಿಗುರು ಬಿಡುತ್ತದೆ. ನಾಲ್ಕು ಸೂಡು ಪಲ್ಯಕ್ಕಾಗಿ ಒಂದು ಮರದ ಆಪೂಸ್ ಕಳೆದುಕೊಳ್ಳುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೂವಿನ ಕಾಲ. ಜಿಗಿಹುಳು ಬರುತ್ತದೆ, ಅನೇಕರು ಔಷಧಿ ಹೊಡೆಯುತ್ತಾರೆ. ಮೇಲೆ ಹೊಡೆದದ್ದು ಕೆಳಗಿನ ಸೊಪ್ಪಿನ ಮೇಲೂ ಬೀಳುತ್ತದೆ. ಡಬ್ಬಿಯ ಮೇಲೆ ಬರೆದಿರುವ ಕಾಯುವ ದಿನಗಳು ಮಾವಿನಕಾಯಿಯ ಲೆಕ್ಕದವು, ಕೆಳಗಿರುವ ಮೆಂತೆಗೆ ಹಾಕಿದ್ದಲ್ಲ. ಆದ್ದರಿಂದ ಹೊಡೆಯುವಾಗ ಮರದಡಿ ಸೊಪ್ಪು ಇದ್ದರೆ ಅದನ್ನು ಮಾರಬೇಡಿ. ಮಣ್ಣಿಗೆ ಸೇರಿಸಿ. ಔಷಧಿ ಹೊಡೆಯದಿದ್ದರೂ ಜಿಗಿಹುಳು ಸುರಿಸುವ ಅಂಟು ಎಲೆ ಮೇಲೆ ಬಿದ್ದು ಕಪ್ಪು ಬೂಷ್ಟು ಕಟ್ಟುತ್ತದೆ. ಆ ಎಲೆ ಎಷ್ಟು ತೊಳೆದರೂ ಮಾರಾಟಕ್ಕೆ ಬರುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ಪ್ರತಿ ತೋಟದಲ್ಲೂ ಕೇಳಲೇಬೇಕು. ಮರದ ಬುಡಕ್ಕೆ ಕಲ್ಟಾರ್ ಹಾಕಿದ್ದಾರಾ? ಮಾವು ಪ್ರತಿ ವರ್ಷ ಫಲ ಕೊಡಲಿ ಅಂತ ಹಾಕುವ ಈ ಔಷಧಿ, ಅಂದರೆ ಪ್ಯಾಕ್ಲೋಬ್ಯುಟ್ರಝಾಲ್, ಮಣ್ಣಿನಲ್ಲಿ ಬಹಳ ಕಾಲ ಉಳಿಯುತ್ತದೆ. ಬೆಳವಣಿಗೆಯನ್ನು ತಡೆಯುವುದೇ ಅದರ ಕೆಲಸ. ಅಲ್ಲಿ ಸೊಪ್ಪು ಕುಳ್ಳಗೆ, ಗಿಡ್ಡಗೆ ಬರುತ್ತದೆ. ತಿನ್ನುವ ಎಲೆಗೂ ಅದು ಸೇರುವ ಅಪಾಯ ಇದೆ. ಹಾಕಿದ್ದರೆ ಆ ಮರಗಳ ಬುಡ ಬಿಟ್ಟುಬಿಡಿ. ತೋಟವನ್ನು ಗುತ್ತಿಗೆ ಕೊಟ್ಟಿದ್ದರೆ ರೈತರಿಗೇ ಇದು ಗೊತ್ತಿರುವುದಿಲ್ಲ. ಗುತ್ತಿಗೆದಾರನನ್ನು ಕೇಳಿ ತಿಳಿದುಕೊಳ್ಳಿ.

ಕಾಯಿ ಗೋಲಿ ಗಾತ್ರಕ್ಕೆ ಬಂದ ಮೇಲೆ ಮರಕ್ಕೂ ನೀರು ಬೇಕು. ಮಾರ್ಚ್‌ನಿಂದ ಮೇವರೆಗೆ ಬಯಲಿನ ಕೊತ್ತಂಬರಿ ಬಿಸಿಲಿಗೆ ಬೇಗ ಹೂ ಬಿಟ್ಟು ಕಾಳಿಗೆ ಹೋಗುತ್ತದೆ. ನೆರಳಿನಲ್ಲಿ ತಡವಾಗುತ್ತದೆ. ಬೇಸಿಗೆಯಲ್ಲಿ ಕೊತ್ತಂಬರಿ ದರ ಏರುವುದು ಎಲ್ಲರಿಗೂ ಗೊತ್ತು. ನೀರಿದ್ದು, ಔಷಧಿ ಹೊಡೆಯದ ತೋಟವಾದರೆ ಈ ಮೂರು ತಿಂಗಳ ಕೊತ್ತಂಬರಿಯೇ ಒಳ್ಳೆಯ ದುಡಿಮೆ.

ಉಳಿದ ಮರಗಳು ಇಷ್ಟು ಕಾಡುವುದಿಲ್ಲ. ನುಗ್ಗೆಯ ನೆರಳು ತೆಳು, ಅದರಡಿ ಬದನಿಕಾಯಿ, ಮೆಣಸಿನಕಾಯಿಯೂ ನಡೆಯುತ್ತದೆ. ತೆಂಗು ಮೊದಲ 7-8 ವರ್ಷ ಮತ್ತು 20 ವರ್ಷ ದಾಟಿದ ಮೇಲೆ ಚೆನ್ನಾಗಿ ಬೆಳಕು ಬಿಡುತ್ತದೆ, ನಡುವಿನ ವರ್ಷಗಳಲ್ಲಿ ನೆರಳು ದಟ್ಟ. ಚಿಕ್ಕು ದಟ್ಟ ನೆರಳಿನ ಮರ, ಅಂಚಿನಲ್ಲಿ ಮಾತ್ರ ಹಾಕಿ. ಹಾನಗಲ್ ಕಡೆಯ ಅಡಿಕೆ ತೋಟಗಳಲ್ಲಿ ಶುಂಠಿ, ಅರಿಶಿನ, ಕೆಸು ಆರಾಮಾಗಿ ಬರುತ್ತವೆ. ಗದಗ, ಮುಂಡರಗಿ ಕಡೆಯ ಎರೆ ಹೊಲದಲ್ಲಿ ತೋಟಕ್ಕಿಂತ ಬದುವಿನ ಮರಗಳೇ ಜಾಸ್ತಿ. ಅಲ್ಲಿ ಕೃಷಿಹೊಂಡದ ಸುತ್ತ ನುಗ್ಗೆ, ಕರಿಬೇವು ಹಾಕಿ ಅವುಗಳ ನಡುವೆ ಸೊಪ್ಪು ಬೆಳೆಯುವುದೇ ಸರಿ. ಕರಿಬೇವಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದೇ ತಳಿ ಇದೆ, ಡಿಡಬ್ಲ್ಯುಡಿ-1, ಹೆಸರು ಸುವಾಸಿನಿ. ಪರಿಮಳ ಜೋರು. ಚಳಿಗಾಲದಲ್ಲಿ ಮಾತ್ರ ಚಿಗುರು ಕಡಿಮೆ.

ಈಗ ಎಲ್ಲ ತೋಟಗಳ ಹಾಳೆಗಳನ್ನು ಪಕ್ಕಪಕ್ಕ ಇಡಿ. ಮಾವಿನಡಿ ಖಾಲಿ ಇರುವ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಸೊಪ್ಪು ಯಾರು ಕೊಡುತ್ತಾರೆ? ನುಗ್ಗೆ, ತೆಂಗು, ಪೇರಲ ತೋಟದವರು, ಇಲ್ಲವೇ ಇನ್ನೂ ಫಲಕ್ಕೆ ಬರದ ಎಳೆ ಮಾವಿನ ತೋಟದವರು. ಅಂಥ ಎರಡು ಮನೆಗಳಾದರೂ ಗುಂಪಿನಲ್ಲಿ ಇರಲೇಬೇಕು. ಬರೀ ಮಾವಿನ ತೋಟದವರು ಸೇರಿ ಮಾಡಿದ ಗುಂಪು ದಸರಾ ಹೊತ್ತಿಗೆ ನಿಂತುಹೋಗುತ್ತದೆ.

ಎರಡನೆಯದು: ಎಂಟು ಮನೆ, ಒಂದು ವಹಿ (ಲೆಕ್ಕದ ಪುಸ್ತಕ)

ಶುರುವಿಗೆ 6ರಿಂದ 10 ಮನೆ ಸಾಕು. ಜಾಸ್ತಿ ಬೇಡ. ಒಂದೇ ಊರು ಅಥವಾ ನಡೆದು ಹೋಗುವಷ್ಟು ಹತ್ತಿರದ ಊರುಗಳಾದರೆ ಒಳ್ಳೆಯದು. ಒಬ್ಬರಿಗೆ ಲೆಕ್ಕ, ಒಬ್ಬರಿಗೆ ಗಿರಾಕಿಗಳ ಜೊತೆ ಮಾತು, ಒಬ್ಬರಿಗೆ ಗಾಡಿ. ಮೂರೂ ಕೆಲಸ ಒಬ್ಬರೇ ಮಾಡಿದರೆ ಆ ವ್ಯಕ್ತಿಗೆ ಜ್ವರ ಬಂದ ವಾರ ವ್ಯಾಪಾರವೂ ಮಲಗುತ್ತದೆ.

ಯಾರು ಯಾವ ವಾರ ಏನು ಬಿತ್ತಬೇಕು ಅನ್ನುವುದನ್ನು ಗುಂಪೇ ಹಂಚಬೇಕು. ಎಲ್ಲರೂ ಒಂದೇ ದಿನ ಮೆಂತೆ ಬಿತ್ತಿದರೆ ನಾಲ್ಕು ವಾರಕ್ಕೆ ಎಲ್ಲರ ಮೆಂತೆಯೂ ಒಟ್ಟಿಗೆ ಬರುತ್ತದೆ, ಐದನೇ ವಾರ ಯಾರ ಹತ್ತಿರವೂ ಇರುವುದಿಲ್ಲ. ಎರಡೆರಡು ಮನೆ ವಾರ ಬಿಟ್ಟು ವಾರ ಬಿತ್ತಲಿ. ಅರ್ಧ ಗುಂಟೆ ಅರ್ಧ ಗುಂಟೆ ಮಡಿ ಸಾಕು.

ದುಡ್ಡಿನ ವಿಷಯದಲ್ಲಿ ನನ್ನದೊಂದು ಗಟ್ಟಿ ಮಾತಿದೆ. ಕಳೆ ತೆಗೆಯುವವರು, ಕೊಯ್ಯುವವರು, ಸೂಡು ಕಟ್ಟುವವರು ಬಹುಪಾಲು ಹೆಣ್ಣುಮಕ್ಕಳು. ಹಾಗಾಗಿ ಕಾಯಿಪಲ್ಯದ ದುಡ್ಡು ಅವರ ಬ್ಯಾಂಕ್ ಖಾತೆಗೆ ಹೋಗಬೇಕು. ಪಹಣಿ ಯಾರ ಹೆಸರಲ್ಲಿದೆ ಅನ್ನುವುದು ಇಲ್ಲಿ ಮುಖ್ಯವಲ್ಲ. ಇದನ್ನು ಮೊದಲ ಸಭೆಯಲ್ಲೇ ಮಾತಾಡಿ ಮುಗಿಸಿ, ಆಮೇಲೆ ಎತ್ತಿದರೆ ಜಗಳ.

ಮೂರನೆಯದು: ಗಿರಾಕಿ ಎಲ್ಲಿದ್ದಾರೆ

ಗಿರಾಕಿ ಹುಡುಕಲು ಒಳ್ಳೆಯ ಕಾಲ ಮಾವಿನ ಸೀಸನ್. ಮೇ ತಿಂಗಳಲ್ಲಿ ಜನ ತಾವಾಗಿಯೇ ಆಪೂಸ್ ಹುಡುಕಿಕೊಂಡು ತೋಟಕ್ಕೆ, ರಸ್ತೆ ಬದಿಯ ಅಂಗಡಿಗೆ ಬರುತ್ತಾರೆ. ಹಣ್ಣು ಕೊಂಡವರ ಫೋನ್ ನಂಬರ್ ಕೇಳಿ ಬರೆದುಕೊಳ್ಳಿ. "ಜೂನ್‌ನಿಂದ ಇದೇ ತೋಟದ ತಪ್ಪಲ ಪಲ್ಯ ಮನೆಗೆ ತಂದು ಕೊಡುತ್ತೇವೆ" ಅಂತ ಹೇಳಿ. ನಿಮ್ಮ ಹಣ್ಣು ತಿಂದು ಮೆಚ್ಚಿದವರು ಸೊಪ್ಪನ್ನೂ ನಂಬುತ್ತಾರೆ. ಹೊಸಬರನ್ನು ಒಪ್ಪಿಸುವುದಕ್ಕಿಂತ ಇದು ಎಷ್ಟೋ ಸುಲಭ.

ಆಮೇಲೆ ಒಂದೇ ಬಡಾವಣೆಗೆ ಅಂಟಿಕೊಳ್ಳಿ. ಧಾರವಾಡದಲ್ಲಿ ಸಪ್ತಾಪುರ, ಮಾಳಮಡ್ಡಿ, ಸಾಧನಕೇರಿ. ಹುಬ್ಬಳ್ಳಿಯಲ್ಲಿ ವಿದ್ಯಾನಗರ, ಕೇಶ್ವಾಪುರ, ನವನಗರ, ಗೋಕುಲ ರಸ್ತೆ. ಎರಡು ಊರಿನ ನಡುವೆ 20 ಕಿಲೋಮೀಟರ್ ಇದೆ. ಮೊದಲ ವರ್ಷ ಎರಡೂ ಕಡೆ ಓಡಬೇಡಿ. ಹತ್ತು ಬಡಾವಣೆಯಲ್ಲಿ ಐದೈದು ಮನೆಗಿಂತ ಒಂದೇ ಬಡಾವಣೆಯ 50 ಮನೆ ಮೇಲು. ಗಾಡಿ ಖರ್ಚು ಹೇಗೆ ತಿನ್ನುತ್ತದೆ ಅನ್ನುವುದನ್ನು ಕೆಳಗೆ ಲೆಕ್ಕ ಹಾಕಿದ್ದೇನೆ. ಗದಗ, ಹಾವೇರಿಯವರು ಹುಬ್ಬಳ್ಳಿಯ ಆಸೆ ಬಿಟ್ಟು ತಮ್ಮ ಊರಲ್ಲೇ ಶುರು ಮಾಡಿ. ಜಿಲ್ಲಾ ಕೇಂದ್ರದಲ್ಲಿ ಸರಕಾರಿ ನೌಕರರ ವಸತಿಗೃಹ, ಶಾಲೆಗಳ ಶಿಕ್ಷಕರು, ಬ್ಯಾಂಕಿನವರು, ಇಷ್ಟರಲ್ಲೇ 40-50 ಮನೆ ಸಿಗುತ್ತವೆ.

ಮನೆಗಳ ಜೊತೆಗೆ ಖಾನಾವಳಿಗಳನ್ನು ಮರೆಯಬೇಡಿ. ನಮ್ಮ ಕಡೆ ರೊಟ್ಟಿ ಊಟ ಅಂದರೆ ತಾಟಿನ ಅಂಚಿಗೆ ಹಸಿ ಮೆಂತೆ, ಮೂಲಂಗಿ, ಸವತಿಕಾಯಿ, ಉಳ್ಳಾಗಡ್ಡಿ ಬೇಕೇ ಬೇಕು. ಹಸಿಯಾಗಿ ತಿನ್ನುವ ಮೆಂತೆ ಎಳೆಯದಿರಬೇಕು, ನಾರು ಇರಬಾರದು. ನೆರಳಿನ ಮೆಂತೆಯ ಎಲೆ ಅಗಲ, ತೆಳು, ಮೆತ್ತಗೆ. ಖಾನಾವಳಿಯವರಿಗೆ ಒಂದು ದಿನ ಹತ್ತು ಸೂಡು ಪುಕ್ಕಟೆ ಕೊಟ್ಟು ನೋಡಿ. ಊಟಕ್ಕೆ ಕೂತವರು ಎರಡನೇ ಸಲ ಕೇಳಿದರೆ ಮಾಲೀಕರೇ ಫೋನ್ ಮಾಡುತ್ತಾರೆ. ಅವರಿಗೆ ದಿನವೂ ಬೇಕು, ಅಥವಾ ವಾರಕ್ಕೆ ಮೂರು ಸಲವಾದರೂ ಬೇಕು. ಅದನ್ನು ಪೂರೈಸುವ ತಾಕತ್ತು ಇದ್ದರೆ ಮಾತ್ರ ಒಪ್ಪಿಕೊಳ್ಳಿ. ಮತ್ತೆ ವಾರದ ಲೆಕ್ಕ ವಾರಕ್ಕೇ ಮುಗಿಯಬೇಕು. ತಿಂಗಳ ಉದ್ರಿ ಸಣ್ಣ ರೈತರಿಗೆ ತಡೆಯುವುದಿಲ್ಲ.

ಹಬ್ಬಗಳನ್ನೂ ಹಾಳೆಯಲ್ಲಿ ಗುರುತಿಸಿ. ಶ್ರಾವಣದಲ್ಲಿ ಅನೇಕ ಮನೆಗಳಲ್ಲಿ ಮಾಂಸ, ಮೊಟ್ಟೆ ಬಂದ್, ಕಾಯಿಪಲ್ಯದ ಬೇಡಿಕೆ ಏರುತ್ತದೆ. ಕೆಸವಿನ ಎಲೆಯೂ ಆಗಲೇ ಚೆನ್ನಾಗಿರುತ್ತದೆ. ಎಳ್ಳ ಅಮಾವಾಸ್ಯೆ ದಿನ ಹೊಲಕ್ಕೆ ಎಡೆ ಚೆಲ್ಲುವ ಚರಗಕ್ಕೆ, ಸಂಕ್ರಾಂತಿಯ ಹಿಂದಿನ ದಿನದ ಭೋಗಿಗೆ ಹಲವು ನಮೂನೆ ಕಾಯಿಪಲ್ಯ ಸೇರಿಸಿ ಅಡುಗೆ ಮಾಡುತ್ತಾರೆ. ಆ ವಾರ "ಭೋಗಿ ಚೀಲ" ಅಂತಲೇ ಒಂದು ಚೀಲ ಮಾಡಿ. ಸ್ವಲ್ಪ ಸ್ವಲ್ಪ, ಹಲವು ನಮೂನೆ ಬೆಳೆದವರಿಗೆ ಇದಕ್ಕಿಂತ ಒಳ್ಳೆಯ ದಿನ ಇಲ್ಲ.

ನಾಲ್ಕನೆಯದು: ಕೊಯ್ಲಿನಿಂದ ಮನೆಬಾಗಿಲವರೆಗೆ

ಇಡೀ ವ್ಯಾಪಾರ ಉಳಿಯುವುದು, ಕೆಡುವುದು ಈ 16-18 ಗಂಟೆಯಲ್ಲಿ.

ನೆರಳಿನ ಸೊಪ್ಪು ನೋಡಲು ಚೆಂದ, ಆದರೆ ಬಯಲಿನ ಸೊಪ್ಪಿಗಿಂತ ಬೇಗ ಬಾಡುತ್ತದೆ. ಎಲೆ ತೆಳುವಾಗಿ, ನೀರು ಜಾಸ್ತಿ ಇರುವುದೇ ಕಾರಣ. ಅದಕ್ಕೆ ಕೊಯ್ಲು ಸಂಜೆ ಬಿಸಿಲು ಇಳಿದ ಮೇಲೆ ಇರಲಿ. ಬೇರಿನ ಮಣ್ಣು ತೊಳೆಯಿರಿ. ಮರದಡಿ ಹಕ್ಕಿ ಹಿಕ್ಕೆ, ಒಣ ಎಲೆ, ಜೇಡರ ಬಲೆ ಬೀಳುವುದು ಇದ್ದೇ ಇರುತ್ತದೆ. ಹಿಕ್ಕೆ ಬಿದ್ದ ಎಲೆ ಕಂಡರೆ ತೊಳೆದು ಸೇರಿಸಬೇಡಿ, ಕಿತ್ತು ಹಾಕಿ. ತೊಳೆದ ಮೇಲೆ ನೀರು ಪೂರ್ತಿ ಬಸಿಯಬೇಕು. ಒದ್ದೆ ಸೊಪ್ಪನ್ನು ಒತ್ತಿ ಕಟ್ಟಿದರೆ ಬೆಳಗಾಗುವಷ್ಟರಲ್ಲಿ ಒಳಗೆ ಬಿಸಿಯಾಗಿ ಕೊಳೆಯುತ್ತದೆ. ಮಳೆಗಾಲದಲ್ಲಿ ಮರದಡಿಯ ಎಲೆ ಬೇಗ ಒಣಗುವುದಿಲ್ಲ, ಆದ್ದರಿಂದ ಆಗ ಕೊಯ್ದು ಒಂದು ಗಂಟೆ ಬಿದಿರಿನ ತಟ್ಟೆಯ ಮೇಲೆ ಹರವಿ, ಆಮೇಲೆ ಕಟ್ಟಿ.

ಸೂಡಿನ ಗಾತ್ರ ಎಲ್ಲ ಮನೆಯದ್ದೂ ಒಂದೇ ಇರಬೇಕು. ಗುಂಪಿನಲ್ಲಿ ಮೊದಲ ಜಗಳ ಬರುವುದು ಇಲ್ಲೇ. ಒಬ್ಬರ ಕೈ ದೊಡ್ಡದು, ಒಬ್ಬರದು ಸಣ್ಣದು. ಕಬ್ಬಿಣದ ತಂತಿ ಬಗ್ಗಿಸಿ ಬಳೆ ಮಾಡಿ, ಪ್ರತಿ ಮನೆಗೂ ಒಂದೇ ಅಳತೆಯ ಬಳೆ ಕೊಡಿ. ಕಡ್ಡಿ ಕಡೆಯಿಂದ ಬಳೆ ತುಂಬುವಷ್ಟು ಸೊಪ್ಪು, ಅದಕ್ಕೆ ಬಾಳೆ ನಾರು ಸುತ್ತಿದರೆ ಒಂದು ಸೂಡು. ಯಾರು ಕಟ್ಟಿದರೂ ಒಂದೇ ಅಳತೆ.

ರಾತ್ರಿ ಇಡಲು ಫ್ರಿಜ್ ಬೇಕಿಲ್ಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ರೂಪಿಸಿದ ಇಟ್ಟಿಗೆಯ ತಂಪುಪೆಟ್ಟಿಗೆ ಇದೆ. ಕರೆಂಟ್ ಬೇಡ. ಕಟ್ಟುವುದು ಹೀಗೆ. ನೆರಳಿನಲ್ಲಿ, ಗಾಳಿ ಆಡುವ, ನೀರಿನ ಹತ್ತಿರದ ಜಾಗ ಆರಿಸಿ. ಮಾವಿನ ಮರದ ಅಡಿಯೇ ಸರಿ. ನೆಲಕ್ಕೆ ಒಂದು ಪದರ ಇಟ್ಟಿಗೆ ಹಾಸಿ, ಸುಮಾರು 165 ಸೆಂಟಿಮೀಟರ್ ಉದ್ದ, 115 ಸೆಂಟಿಮೀಟರ್ ಅಗಲ. ಅದರ ಮೇಲೆ ಸುತ್ತಲೂ ಜೋಡಿ ಗೋಡೆ, ಎತ್ತರ 67 ಸೆಂಟಿಮೀಟರ್‌ನಷ್ಟು. ಎರಡು ಗೋಡೆಗಳ ನಡುವೆ 7.5 ಸೆಂಟಿಮೀಟರ್ ಸಂದು ಬಿಡಿ. ಇಟ್ಟಿಗೆಗಳನ್ನು ಮೊದಲೇ ನೀರಿನಲ್ಲಿ ನೆನೆಸಿರಬೇಕು. ಸಂದಿನಲ್ಲಿ ನೆನೆಸಿದ ಹೊಳೆ ಉಸುಕು ತುಂಬಿ. ಮುಚ್ಚಳಕ್ಕೆ ಬಿದಿರಿನ ಚೌಕಟ್ಟಿನ ಮೇಲೆ ಗೋಣಿಚೀಲ ಅಥವಾ ಒಣ ಹುಲ್ಲು. ಬೆಳಗ್ಗೆ, ಸಂಜೆ ಉಸುಕಿಗೆ ನೀರು ಚಿಮುಕಿಸಿ. ನೀರು ಆರುತ್ತಾ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕಡು ಬೇಸಿಗೆಯಲ್ಲಿ ಹೊರಗಿಗಿಂತ 10ರಿಂದ 15 ಡಿಗ್ರಿ ತಂಪು ಸಿಗುತ್ತದೆ, ಸುಮಾರು 100 ಕೆಜಿ ಮಾಲು ಹಿಡಿಸುತ್ತದೆ. ನಮ್ಮ ಒಣ ಬೇಸಿಗೆಯಲ್ಲಿ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಜುಲೈ, ಆಗಸ್ಟ್‌ನಲ್ಲಿ ಗಾಳಿಯೇ ಒದ್ದೆ ಇರುವುದರಿಂದ ಅಷ್ಟು ಲಾಭ ಇಲ್ಲ, ಆಗ ಅದರ ಅಗತ್ಯವೂ ಕಡಿಮೆ.

ವಾರದ ಓಟ ಹೀಗಿರಲಿ. ಬುಧವಾರ ಬೆಳಗ್ಗೆ ಪ್ರತಿ ಮನೆಯವರು ಈ ವಾರ ಏನು, ಎಷ್ಟು ಬರುತ್ತದೆ ಅಂತ ಲೆಕ್ಕದವರಿಗೆ ಹೇಳಬೇಕು. ಅಂದೇ ಸಂಜೆ ವಾಟ್ಸಾಪ್‌ನಲ್ಲಿ ಗಿರಾಕಿಗಳಿಗೆ ಪಟ್ಟಿ ಹೋಗಬೇಕು. ಗುರುವಾರ ರಾತ್ರಿ 8ಕ್ಕೆ ಆರ್ಡರ್ ಬಂದ್. ಶುಕ್ರವಾರ ಸಂಜೆ ಕೊಯ್ಲು, ಶನಿವಾರ ಬೆಳಗ್ಗೆ 9ರ ಒಳಗೆ ಮನೆಬಾಗಿಲು. ಆರ್ಡರ್ ಇಲ್ಲದ್ದನ್ನು ಕೊಯ್ಯಬೇಡಿ. ಗಿಡದಲ್ಲಿದ್ದರೆ ಮುಂದಿನ ವಾರಕ್ಕಾದರೂ ಬಂದೀತು.

ಪಟ್ಟಿಯ ಜೊತೆ ಒಂದೆರಡು ಸಾಲು ಬರೆಯಿರಿ. ಸುವರ್ಣಗಡ್ಡೆ ಅಂದರೆ ಪೇಟೆಯವರು ತುರಿಕೆಗೆ ಹೆದರುತ್ತಾರೆ. "ಗಜೇಂದ್ರ ತಳಿ, ತುರಿಕೆ ಕಡಿಮೆ, ಹುಣಸೆಹಣ್ಣಿನ ನೀರಲ್ಲಿ ಬೇಯಿಸಿ" ಅಂತ ಬರೆದರೆ ಹೆದರಿದವರೂ ಕೊಳ್ಳುತ್ತಾರೆ. ಬಸಳೆ, ಕೆಸು ಗೊತ್ತಿಲ್ಲದವರಿಗೆ ಅಡುಗೆ ವಿಧಾನ ಕಳಿಸಿ. ಹಾಗಂತ ಮರದಡಿಯ ಸೊಪ್ಪು ರೋಗ ವಾಸಿ ಮಾಡುತ್ತದೆ, ಪೌಷ್ಟಿಕಾಂಶ ಎರಡು ಪಟ್ಟು ಅಂತೆಲ್ಲ ಬರೆಯಬೇಡಿ. ಎಳೆಯದು, ನಿನ್ನೆ ಸಂಜೆ ಕೊಯ್ದದ್ದು, ಇಂಥವರ ತೋಟದ್ದು. ಇಷ್ಟು ನಿಜ ಸಾಕು.

ಐದನೆಯದು: ಬೆಲೆ ಮತ್ತು ಲೆಕ್ಕ

ಉದಾಹರಣೆಗೆ ಒಂದು ಲೆಕ್ಕ ಹಿಡಿಯೋಣ. ದರಗಳು ನಿಮ್ಮಲ್ಲಿ ಬೇರೆ ಇರಬಹುದು, ಲೆಕ್ಕದ ದಾರಿ ಮಾತ್ರ ಇದೇ. ವಾರಕ್ಕೆ ಮನೆಗೊಂದು 200 ರೂಪಾಯಿಯ ಪಲ್ಯದ ಚೀಲ, 60 ಮನೆ. ಒಟ್ಟು 12,000 ರೂಪಾಯಿ. ಗಾಡಿ ಬಾಡಿಗೆ 1,200. ಚೀಲ ತುಂಬಿ ಹಂಚುವ ಇಬ್ಬರ ಕೂಲಿ 1,000. ಚೀಲ, ನಾರು, ಫೋನ್ 300. ಬಾಡಿದ್ದು, ವಾಪಸ್ ಬಂದದ್ದು ಅಂತ 600 ತೆಗೆದಿಡಿ. ಖರ್ಚು 3,100, ಕೈಗೆ 8,900. ಎಂಟು ಮನೆಗೆ ಹಂಚಿದರೆ ತಲಾ 1,100ರ ಹತ್ತಿರ, ಪ್ರತಿ ವಾರ.

ಈಗ ಅದೇ ಗಾಡಿಯಲ್ಲಿ 30 ಮನೆ ಅಂತ ಹಿಡಿಯಿರಿ. ಬಂದದ್ದು 6,000. ಗಾಡಿ 1,200, ಕೂಲಿ 1,000, ಎರಡೂ ಕಡಿಮೆಯಾಗುವುದಿಲ್ಲ. ಚೀಲ 150, ನಷ್ಟ 300. ಕೈಗೆ 3,350. ಮೊದಲ ಲೆಕ್ಕದಲ್ಲಿ ರೂಪಾಯಿಗೆ 74 ಪೈಸೆ ರೈತರಿಗೆ ಮುಟ್ಟಿತು, ಇಲ್ಲಿ 56 ಪೈಸೆ. ಒಂದೇ ಬಡಾವಣೆಯಲ್ಲಿ 50 ಮನೆ ದಾಟಿಸಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಬೆಲೆ ನಿಗದಿಗೆ ಸರಕಾರದ ಮಾರುಕಟ್ಟೆ ದರದ ಜಾಲತಾಣವಾದ ಕೃಷಿ ಮಾರಾಟ ವಾಹಿನಿಯಲ್ಲಿ ಹುಬ್ಬಳ್ಳಿ, ಧಾರವಾಡ ಮಾರುಕಟ್ಟೆಯ ದರ ನೋಡಿ, ಜೊತೆಗೆ ಬಡಾವಣೆಯ ಅಂಗಡಿಯ ಚಿಲ್ಲರೆ ದರ ಕೇಳಿ. ನಿಮ್ಮ ಬೆಲೆ ಚಿಲ್ಲರೆ ದರದ ಹತ್ತಿರವೇ ಇರಲಿ, ಕಡಿಮೆ ಮಾಡಬೇಕಿಲ್ಲ. ಮೂರು ತಿಂಗಳಿಗೊಮ್ಮೆ ಮಾತ್ರ ಬದಲಿಸಿ. ಮಂಡಿಯಲ್ಲಿ ದರ ಬಿದ್ದಾಗಲೂ ರೈತರಿಗೆ ಅದೇ ಬೆಲೆ, ಏರಿದಾಗ ಗಿರಾಕಿಗೂ ಅದೇ ಬೆಲೆ. ಇದನ್ನು ಎರಡೂ ಕಡೆಯವರಿಗೆ ಮೊದಲೇ ಹೇಳಿ ಒಪ್ಪಿಸಬೇಕು. ಕೊತ್ತಂಬರಿ ದರ ಏರಿದ ವಾರ ಗುಂಪಿನ ಯಾರೋ ಒಬ್ಬರು ಮಾಲನ್ನು ಸಂತೆಗೆ ಒಯ್ದೇ ಒಯ್ಯುತ್ತಾರೆ. ಬಯ್ಯುವುದರಿಂದ ಪ್ರಯೋಜನ ಇಲ್ಲ. ಮೊದಲು ಗುಂಪಿಗೆ ಒಪ್ಪಿದಷ್ಟು ಕೊಡಬೇಕು, ಉಳಿದದ್ದು ಅವರ ಇಷ್ಟ ಅನ್ನುವ ನಿಯಮ ಇದ್ದರೆ ಸಾಕು.

ವಹಿ ಎಲ್ಲರಿಗೂ ಓದಲು ಬರುವಂತಿರಲಿ. ಯಾರ ಮನೆಯದು, ಏನು, ಎಷ್ಟು ಸೂಡು, ಎಷ್ಟು ವಾಪಸ್. ಗಿರಾಕಿಗಳ ದುಡ್ಡು ಗುಂಪಿನ ಖಾತೆಗೆ ಫೋನ್‌ಪೇ ಮೂಲಕ ಬರಲಿ, ಸೋಮವಾರ ಪಾಲು ಹಂಚಿಕೆಯಾಗಲಿ. ವಾರ ತಪ್ಪಬಾರದು.

ಮಂಡಿಗೆ ಹೋಗುವ ದಿನ

ಮಳೆ ಹಿಡಿದಾಗ ಸೊಪ್ಪು, ಜನವರಿಯಲ್ಲಿ ಗಡ್ಡೆ, ಮನೆಗಳಿಗೆ ಕೊಟ್ಟು ಮಿಕ್ಕುವುದು ಇದ್ದೇ ಇದೆ. ಸುವರ್ಣಗಡ್ಡೆ ಅವಸರದ ಮಾಲಲ್ಲ. ಗಾಯ ಆಗದಂತೆ ಕಿತ್ತು, ಮಣ್ಣು ಝಾಡಿಸಿ, ನೆರಳಿನಲ್ಲಿ ಒಂದರ ಮೇಲೊಂದು ಒಟ್ಟದೆ ಹರವಿದರೆ ತಿಂಗಳುಗಟ್ಟಲೆ ಇರುತ್ತದೆ. ದರ ನೋಡಿ ಮಾರಿ. ಸೊಪ್ಪು ಹಾಗಲ್ಲ.

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಗಾಗಲಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ), ನಿಮ್ಮ ತಾಲೂಕಿನ ಮಾರುಕಟ್ಟೆಗಾಗಲಿ ಹೋಗುವಾಗ ಎಂಟು ಮನೆಯ ಮಾಲನ್ನು ಒಂದೇ ಹೆಸರಿನಲ್ಲಿ, ಒಂದೇ ಅಳತೆಯ ಸೂಡಿನಲ್ಲಿ ಒಯ್ಯಿರಿ. ರಾಶಿ ಕಂಡರೆ ಸವಾಲು ಕೂಗುವವರೂ ನಿಲ್ಲುತ್ತಾರೆ. ಕರ್ನಾಟಕದ ಎಪಿಎಂಸಿ ಕಾಯ್ದೆ 1966ರದ್ದು. ಅದರ ಪ್ರಕಾರ ದಲಾಲಿ ಕೊಡಬೇಕಾದವರು ಖರೀದಿದಾರರು, ರೈತರಲ್ಲ. ಬಿಳಿ ಚೀಟಿಯಲ್ಲಿ ದಲಾಲಿ ಮುರಿದು ದುಡ್ಡು ಎಣಿಸಿ ಕೊಟ್ಟರೆ ಅಧಿಕೃತ ಲೆಕ್ಕಪಟ್ಟಿ ಕೇಳಿ. ಒಬ್ಬ ರೈತ ಕೇಳುವುದಕ್ಕೂ ಗುಂಪಿನ ಹೆಸರಲ್ಲಿ ಕೇಳುವುದಕ್ಕೂ ವ್ಯತ್ಯಾಸ ಇದೆ. ಕೊಡದಿದ್ದರೆ ಅಲ್ಲಿಯೇ ಇರುವ ಸಮಿತಿಯ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ. ನೂರು ಸೂಡಿಗೆ ಹತ್ತು ಸೂಡು ಮೇಲೆ ಕೊಡಬೇಕು ಅನ್ನುವ ರೂಢಿಗೂ ಇದೇ ಮಾತು. ಅಲ್ಲಿ ಹೋಗುವುದು ರೈತರ ದುಡಿಮೆ.

ಸಾವಯವ ಅನ್ನುವ ಮೊದಲು

ಔಷಧಿ ಹೊಡೆಯದ ತೋಟ ಅಂತ ಗೊತ್ತಾದ ಕೂಡಲೇ ಚೀಲದ ಮೇಲೆ "ಸಾವಯವ" ಅಂತ ಮುದ್ರಿಸುವ ಆಸೆ ಆಗುತ್ತದೆ. ನಿಯಮ ತಿಳಿದುಕೊಳ್ಳಿ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ಸಾವಯವ ಆಹಾರ ನಿಯಮದಲ್ಲಿ ಸಣ್ಣ ಬೆಳೆಗಾರರಿಗೆ, ಅವರ ಗುಂಪುಗಳಿಗೆ ವಿನಾಯಿತಿ ಇದೆ. ವರ್ಷದ ವಹಿವಾಟು 12 ಲಕ್ಷ ರೂಪಾಯಿ ಮೀರದೆ, ತಿನ್ನುವವರಿಗೇ ನೇರವಾಗಿ ಮಾರುವುದಾದರೆ ಪ್ರಮಾಣಪತ್ರ ಇಲ್ಲದೆಯೂ ಸಾವಯವ ಅನ್ನಬಹುದು. ಪ್ರಮಾಣಪತ್ರ ಇರುವ ಸಾವಯವ ಆಹಾರದ ಜೈವಿಕ್ ಭಾರತ್ ಗುರುತು ಮಾತ್ರ ಹಾಕುವಂತಿಲ್ಲ. ಅಂಗಡಿಗೆ, ಸೂಪರ್ ಮಾರ್ಕೆಟ್‌ಗೆ ಕೊಡುವುದಾದರೆ ಈ ವಿನಾಯಿತಿ ಸಿಗುವುದಿಲ್ಲ.

ಪ್ರಮಾಣಪತ್ರ ಬೇಕೆಂದರೆ ಸಣ್ಣ ಗುಂಪಿಗೆ ಪಿಜಿಎಸ್-ಇಂಡಿಯಾ ಸರಿಹೊಂದುತ್ತದೆ. ಅಕ್ಕಪಕ್ಕದ ಕನಿಷ್ಠ 5 ರೈತರು ಸೇರಿ, ಒಬ್ಬರ ತೋಟವನ್ನು ಇನ್ನೊಬ್ಬರು ಪರಿಶೀಲಿಸುವ ಪದ್ಧತಿ. ಬದಲಾವಣೆಯ ಅವಧಿಯಲ್ಲಿ ಪಿಜಿಎಸ್-ಗ್ರೀನ್, ಅದು ಮುಗಿದ ಮೇಲೆ ಪಿಜಿಎಸ್-ಆರ್ಗ್ಯಾನಿಕ್. ಮಾವಿಗೆ ಔಷಧಿ ಹೊಡೆಯುವ ತೋಟದ ಸೊಪ್ಪು ಸಾವಯವ ಆಗುವುದಿಲ್ಲ, ಸೊಪ್ಪಿಗೆ ಏನೂ ಹಾಕದಿದ್ದರೂ ಆಗುವುದಿಲ್ಲ. ಗುಂಪಿನಲ್ಲಿ ಅಂಥ ತೋಟ ಇದ್ದರೆ ಆ ಮಾಲನ್ನು ಬೇರೆ ಇಟ್ಟು, ಗಿರಾಕಿಗೆ ಹೇಳಿ ಮಾರಿ.

ತಾಜಾ ಕಾಯಿಪಲ್ಯಕ್ಕೆ ಜಿಎಸ್‌ಟಿ ಇಲ್ಲ. ಅರಿಶಿನ ಪುಡಿ, ನುಗ್ಗೆ ಎಲೆ ಪುಡಿ, ಕರಿಬೇವಿನ ಚಟ್ನಿಪುಡಿ ಮಾಡಿ ಪಾಕೀಟು ಕಟ್ಟುವುದಾದರೆ ಆಹಾರ ಸುರಕ್ಷತೆಯ ನೋಂದಣಿ ಬೇಕು. ಸಣ್ಣ ವ್ಯಾಪಾರಕ್ಕೆ ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ. ತಕ್ಕಡಿಗೆ ಮುದ್ರೆ ಹಾಕಿಸಿಕೊಳ್ಳಿ.

ಎರಡನೇ ವರ್ಷ

ಒಂದು ವರ್ಷದ ವಹಿ ಕೈಯಲ್ಲಿದ್ದರೆ ಮುಂದಿನ ಬಿತ್ತನೆ ತಾನಾಗಿಯೇ ಗೊತ್ತಾಗುತ್ತದೆ. ಯಾವುದು ಪ್ರತಿ ವಾರ ಮೊದಲು ಖಾಲಿಯಾಯಿತು, ಯಾವುದು ವಾಪಸ್ ಬಂತು ನೋಡಿ. ಹಕ್ಕರಕಿ, ಕಿರಕಸಾಲಿ, ಗೋಣಿ ಪಲ್ಯದಂಥ ನಮ್ಮದೇ ಸೊಪ್ಪುಗಳನ್ನು ಪಟ್ಟಿಗೆ ಸೇರಿಸಿ ನೋಡಿ. ಹಳ್ಳಿಯಿಂದ ಪೇಟೆಗೆ ಹೋದ ಹಿರಿಯರು ಇವನ್ನು ಹುಡುಕುತ್ತಿರುತ್ತಾರೆ, ಅಂಗಡಿಯಲ್ಲಿ ಸಿಗುವುದು ಅಪರೂಪ.

ಬೆಳೆಯ ಪ್ರಶ್ನೆಗಳಿಗೆ ಧಾರವಾಡದವರು ಸೈದಾಪುರದ ಕೃಷಿ ವಿಜ್ಞಾನ ಕೇಂದ್ರಕ್ಕೆ, ಗದಗದವರು ಹುಲಕೋಟಿಯ ಕೆ.ಎಚ್. ಪಾಟೀಲ ಕೃಷಿ ವಿಜ್ಞಾನ ಕೇಂದ್ರಕ್ಕೆ, ಹಾವೇರಿಯವರು ಹನುಮನಮಟ್ಟಿಗೆ ಹೋಗಿ. ಧಾರವಾಡದ ಕೃಷಿ ಮೇಳಕ್ಕೆ ಗುಂಪಿನ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ. ಬೀಜ, ತಳಿ ಆರಿಸುವವರು ಅವರೇ ಆಗಲಿ.

ಇದೇ ಹೊತ್ತಿಗೆ ಯಾರಾದರೂ ಕಂಪನಿ ಮಾಡೋಣ ಅನ್ನುತ್ತಾರೆ. ರೈತ ಉತ್ಪಾದಕ ಕಂಪನಿಗೆ ಕಾನೂನಿನ ಪ್ರಕಾರ 10 ಜನ ಉತ್ಪಾದಕರು ಸಾಕು. ಆದರೆ 2020ರಲ್ಲಿ ಶುರುವಾದ 10,000 ರೈತ ಉತ್ಪಾದಕ ಸಂಸ್ಥೆಗಳ ಕೇಂದ್ರ ಯೋಜನೆಯಲ್ಲಿ ನೆರವು ಪಡೆಯಲು ಬಯಲು ಸೀಮೆಯಲ್ಲಿ 300 ಸದಸ್ಯರ ಷರತ್ತು ಇತ್ತು. ಕಂಪನಿ ಅಂದರೆ ಲೆಕ್ಕಪರಿಶೋಧನೆ, ವಾರ್ಷಿಕ ಸಭೆ, ಸರಕಾರಕ್ಕೆ ಸಲ್ಲಿಸುವ ಕಾಗದ, ಇವೆಲ್ಲ ಬರುತ್ತವೆ. ಎಂಟು ಮನೆಯ ಸೊಪ್ಪಿನ ವ್ಯಾಪಾರಕ್ಕೆ ಆ ಹೊರೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ತಾಲೂಕಿನಲ್ಲಿ ಈಗಾಗಲೇ ಚೆನ್ನಾಗಿ ನಡೆಯುತ್ತಿರುವ ಸಂಸ್ಥೆ ಇದ್ದರೆ ಅದರ ಸದಸ್ಯರಾಗಿ. ಬೀಜ, ಗೊಬ್ಬರ, ಗಾಡಿ ಅಲ್ಲಿಂದ ಸಿಗಲಿ. ವಾರದ ಚೀಲ ಮಾತ್ರ ನಿಮ್ಮ ಗುಂಪಿನ ಕೈಯಲ್ಲೇ ಇರಲಿ.

ಗಿರಾಕಿ 60 ಮನೆ ದಾಟಿ ಇನ್ನೂ ಜನ ಕೇಳತೊಡಗಿದರೆ ಅದೇ ಗುಂಪನ್ನು ಹಿಗ್ಗಿಸಬೇಡಿ. ಪಕ್ಕದ ಊರಿನಲ್ಲಿ ಇನ್ನೊಂದು ಎಂಟು ಮನೆಯ ಗುಂಪು ಕಟ್ಟಲು ಸಹಾಯ ಮಾಡಿ, ಅವರಿಗೆ ಇನ್ನೊಂದು ಬಡಾವಣೆ ಬಿಟ್ಟುಕೊಡಿ, ಗಾಡಿ ಮಾತ್ರ ಇಬ್ಬರಿಗೂ ಒಂದೇ ಇರಲಿ. ಶನಿವಾರ ನಿಮ್ಮದು, ಬುಧವಾರ ಅವರದು. ಅವರ ಮೊದಲ ಸಭೆಗೆ ನಿಮ್ಮ ಲೆಕ್ಕದವರು ಹಳೆಯ ವಹಿ, ತಂತಿಯ ಬಳೆ ಎರಡನ್ನೂ ಹಿಡಿದುಕೊಂಡು ಹೋಗಲಿ.